ಬೂಸ್ಟರ್ ಪೆಡಲ್‌ಗೆ ಓವರ್‌ಡ್ರೈವ್ ಕ್ಲಿಪಿಂಗ್ ಜೋಡಿಸುವುದು: ಮೈಕ್ರೋ ಆಂಪ್ ಸರ್ಕ್ಯೂಟ್ ಆಧರಿಸಿದ ಸಮಗ್ರ ಮಾರ್ಗದರ್ಶಿ

ಗಿಟಾರ್‌ನಿಂದ ಬರುವ ಸಿಗ್ನಲ್ಲನ್ನು ಅದರ ಆಕಾರ ಕೆಡಿಸದೆ ದೊಡ್ಡದು ಮಾಡುವುದು ಬೂಸ್ಟರ್ ಪೆಡಲ್ ಎಂಬ, ಕಾಲಿನಿಂದ ಒತ್ತಿ ಬಳಸುವ ಪುಟ್ಟ ಪೆಟ್ಟಿಗೆಯ ಕೆಲಸ. ಓವರ್‌ಡ್ರೈವ್ ಪೆಡಲ್ ಕೂಡ ಮೊದಲು ಮಾಡುವುದು ಅದನ್ನೇ. ಆದರೆ ದೊಡ್ಡದಾದ ತರಂಗದ ಶಿಖರಗಳನ್ನು ಒಂದು ಮಿತಿಯಲ್ಲಿ ತಡೆದು ಚಪ್ಪಟೆಯಾಗಿಸುತ್ತದೆ. ಈ ತಡೆಯುವಿಕೆಗೆ ಕ್ಲಿಪಿಂಗ್ ಎಂದು ಹೆಸರು, ಮತ್ತು ಅದಕ್ಕೆ ಬೇಕಾಗುವುದು ಕೆಲವೇ ರೂಪಾಯಿ ಬೆಲೆಯ ಎರಡು ಡಯೋಡ್‌ಗಳು, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಹರಿಯಬಿಡುವ ಬಿಡಿಭಾಗಗಳು. ಆದ್ದರಿಂದಲೇ ಕೈಯಲ್ಲಿರುವ ಬೂಸ್ಟರನ್ನು ಓವರ್‌ಡ್ರೈವ್ ಆಗಿ ಪರಿವರ್ತಿಸುವುದು ಪೆಡಲ್ ಮಾರ್ಪಾಡು ಕಲಿಯುವವರಿಗೆ ಒಳ್ಳೆಯ ಮೊದಲ ಪಾಠವಾಗುತ್ತದೆ. ಆದರೆ ಡಯೋಡ್ ಜೋಡಿಸಿದಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸುವವರಿಗೆ ದೊರೆಯುವುದು ಬಹುತೇಕ ಮಂಕಾದ, ಗೊಜಗೊಜ ಎನ್ನುವ ನಾದ. ಯಾವ ಡಯೋಡ್ ಎಂಬುದಕ್ಕಿಂತ ಆ ಡಯೋಡನ್ನು ಯಾವ ಸ್ವರವ್ಯಾಪ್ತಿಯ ಸಿಗ್ನಲ್, ಎಷ್ಟು ಪ್ರಮಾಣದಲ್ಲಿ ತಲುಪುತ್ತದೆ ಎಂಬುದೇ ಓವರ್‌ಡ್ರೈವ್‌ನ ಗುಣವನ್ನು ನಿರ್ಧರಿಸುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಡಯೋಡ್‌ಗೆ ಕೊಟ್ಟಷ್ಟೇ ಜಾಗವನ್ನು ಒಂದು ಕೆಪಾಸಿಟರ್‌ಗೂ (ತಗ್ಗುಸ್ವರಗಳನ್ನು ತಡೆಯಬಲ್ಲ ಬಿಡಿಭಾಗ) ಕೊಟ್ಟಿದ್ದೇನೆ.

ಉದಾಹರಣೆಗೆ ಆರಿಸಿಕೊಂಡಿರುವುದು ಎಂಎಕ್ಸ್‌ಆರ್ ಸಂಸ್ಥೆಯ ಮೈಕ್ರೋ ಆಂಪ್‌ನ ಸರ್ಕ್ಯೂಟ್. ಒಂದೇ ಆಪ್‌ಆಂಪ್ (ಸಿಗ್ನಲ್ಲನ್ನು ದೊಡ್ಡದು ಮಾಡುವ ಚಿಪ್), ಒಂದೇ ನಾಬ್, ಬೆರಳೆಣಿಕೆಯ ಬಿಡಿಭಾಗಗಳು. ಇದನ್ನೇ ಅನುಸರಿಸಿದ ಕಿಟ್‌ಗಳೂ ಅಗ್ಗದ ಪೆಡಲ್‌ಗಳೂ ಧಾರಾಳವಾಗಿವೆ. ಹೊಸ ಪೆಡಲ್‌ಗಳಲ್ಲಿ ಬಿಡಿಭಾಗಗಳು ಬೋರ್ಡ್‌ನ ಮೇಲ್ಮೈಗೇ ಅಂಟಿಕೊಂಡ ಅತಿ ಸಣ್ಣ ಗಾತ್ರದವಾಗಿರಬಹುದು. ಅಂಥದ್ದರಲ್ಲೂ ತತ್ವ ಇದೇ, ಆದರೆ ಬೆಸುಗೆಯಲ್ಲಿ ಕೈ ಪಳಗಿಲ್ಲದವರು ಕಾಲುಗಳಿರುವ ಬಿಡಿಭಾಗಗಳ ಕಿಟ್ ಒಂದನ್ನು ತಂದು ಅದರ ಮೇಲೆ ಪ್ರಯೋಗ ಮಾಡುವುದು ಲೇಸು. ವಾರಂಟಿ ಇರುವ ಪೆಡಲನ್ನು ತೆರೆದು ಬೆಸುಗೆ ಮುಟ್ಟಿಸಿದರೆ ವಾರಂಟಿ ಹೋಯಿತೆಂದೇ ತಿಳಿಯಬೇಕು.

ಸರ್ಕ್ಯೂಟ್‌ನ ಲೆಕ್ಕ

ಮೈಕ್ರೋ ಆಂಪ್‌ನಲ್ಲಿರುವುದು ಟಿಎಲ್061 ಎಂಬ ಎಂಟು ಕಾಲಿನ ಆಪ್‌ಆಂಪ್. ಗಿಟಾರ್‌ನ ಸಿಗ್ನಲ್ 3ನೇ ಕಾಲಿಗೆ ಬರುತ್ತದೆ, ದೊಡ್ಡದಾದ ಸಿಗ್ನಲ್ 6ನೇ ಕಾಲಿನಿಂದ ಹೊರಡುತ್ತದೆ. 6ರಿಂದ 2ನೇ ಕಾಲಿಗೆ 56 ಕಿಲೋಓಮ್‌ನ ರೆಸಿಸ್ಟರ್ ಮತ್ತು ಅದಕ್ಕೆ ಸಮಾನಾಂತರವಾಗಿ 47 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಇರುತ್ತವೆ. ಇದೇ ಫೀಡ್‌ಬ್ಯಾಕ್ ಹಾದಿ, ಅಂದರೆ ಹೊರಡುವ ಸಿಗ್ನಲ್‌ನ ಒಂದು ಪಾಲು ಆಪ್‌ಆಂಪ್‌ಗೆ ಮರಳುವ ಹಾದಿ. 2ನೇ ಕಾಲಿನಿಂದ ಗ್ರೌಂಡ್‌ಗೆ (ಸೊನ್ನೆ ವೋಲ್ಟ್‌ನ ಬಿಂದು) 2.7 ಕಿಲೋಓಮ್ ರೆಸಿಸ್ಟರ್, 500 ಕಿಲೋಓಮ್‌ನ ಗೇನ್ ಪಾಟ್ (ನಾಬ್ ತಿರುಗಿಸಿ ರೋಧವನ್ನೂ ಆ ಮೂಲಕ ವರ್ಧನೆಯನ್ನೂ ಬದಲಿಸುವ ಬಿಡಿಭಾಗ) ಮತ್ತು 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದರ ಹಿಂದೆ ಒಂದಾಗಿ ಇರುತ್ತವೆ. ಗೇನ್ ನಾಬನ್ನು ಪೂರ್ತಿ ತಿರುಗಿಸಿದಾಗ ಪಾಟ್‌ನ ರೋಧ ಸೊನ್ನೆಯಾಗಿ, 56ನ್ನು 2.7ರಿಂದ ಭಾಗಿಸಿ 1 ಕೂಡಿಸಿದರೆ ಬರುವ ಸುಮಾರು 21.7 ಪಟ್ಟು, ಅಂದರೆ 26 ಡೆಸಿಬೆಲ್‌ಗಿಂತ ತುಸು ಹೆಚ್ಚು ವರ್ಧನೆ ದೊರೆಯುತ್ತದೆ.

ಈಗ 56 ಕಿಲೋಓಮ್ ರೆಸಿಸ್ಟರ್‌ನ ಎರಡು ತುದಿಗಳಿಗೆ, ದಿಕ್ಕು ಬದಲಿಸಿ ಜೋಡಿಸಿದ ಎರಡು ಸಿಲಿಕಾನ್ ಡಯೋಡ್‌ಗಳನ್ನು ಕೂಡಿಸೋಣ. ರೆಸಿಸ್ಟರ್‌ನ ತುದಿಗಳ ನಡುವಿನ ವೋಲ್ಟೇಜ್ ಸುಮಾರು 0.6 ವೋಲ್ಟ್ ಮೀರಿದೊಡನೆ ಒಂದು ಅರ್ಧಾವರ್ತನದಲ್ಲಿ ಒಂದು ಡಯೋಡ್, ಮುಂದಿನದರಲ್ಲಿ ಇನ್ನೊಂದು ಡಯೋಡ್ ಹಾದಿ ತೆರೆದು, ಆ ಗಳಿಗೆಯ ವರ್ಧನೆಯನ್ನು ಒಂದರ ಆಸುಪಾಸಿಗೆ ಇಳಿಸುತ್ತದೆ. ಗೇನ್ ಪೂರ್ತಿಯಿದ್ದಾಗ ಇದಕ್ಕೆ ಬೇಕಾಗುವ ಗಿಟಾರ್ ಸಿಗ್ನಲ್ ಸುಮಾರು 29 ಮಿಲಿವೋಲ್ಟ್ ಮಾತ್ರ. ತಂತಿಯನ್ನು ಸಾಧಾರಣ ಬಲದಿಂದ ಮೀಟಿದರೂ ಪಿಕಪ್‌ಗಳು (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗ) ಇದನ್ನು ಸುಲಭವಾಗಿ ದಾಟುತ್ತವೆ. ಬೆರಳಿನ ಒತ್ತಡ ತಗ್ಗಿಸಿದರೆ ನಾದ ಮತ್ತೆ ತಿಳಿಯಾಗುತ್ತದೆ. ಕೈಯ ಒತ್ತಡಕ್ಕೆ ಹೀಗೆ ಸ್ಪಂದಿಸುವುದೇ ಓವರ್‌ಡ್ರೈವ್‌ನ ಸೊಗಸು.

ಡಯೋಡ್‌ಗಳನ್ನು ಕೂಡಿಸಲು ಎರಡು ಜಾಗಗಳಿವೆ. ಒಂದು, ಮೇಲೆ ಹೇಳಿದ ಫೀಡ್‌ಬ್ಯಾಕ್ ಹಾದಿ. ಐಬನೆಜ್ ಟ್ಯೂಬ್ ಸ್ಕ್ರೀಮರ್‌ನಲ್ಲಿ ಇರುವುದು ಈ ವಿಧಾನ. ಇನ್ನೊಂದು, ಔಟ್‌ಪುಟ್‌ನಿಂದ ನೇರವಾಗಿ ಗ್ರೌಂಡ್‌ಗೆ. ಎಂಎಕ್ಸ್‌ಆರ್ ಡಿಸ್ಟಾರ್ಶನ್ ಪ್ಲಸ್ ಮತ್ತು ಪ್ರೊಕೊ ರ‍್ಯಾಟ್‌ಗಳಲ್ಲಿ ಇರುವುದು ಅದು. ಎರಡನೆಯದರಲ್ಲಿ ಶಿಖರ ಕತ್ತರಿಸಿದಂತೆ ಹೋಗುತ್ತದೆ, ನಾದ ಒರಟಾಗುತ್ತದೆ. ಮೊದಲನೆಯದರಲ್ಲಿ ಡಯೋಡ್ ತೆರೆದಾಗಲೂ ಮೂಲ ಸಿಗ್ನಲ್ ಒಂದು ಪಟ್ಟಿನಷ್ಟು ಸದಾ ಬೆರೆತೇ ಇರುವುದರಿಂದ ಅಂಚುಗಳು ಮೃದುವಾಗಿ ಬಾಗುತ್ತವೆ. ಬೂಸ್ಟರ್‌ಗೆ ಓವರ್‌ಡ್ರೈವ್ ಕೂಡಿಸುವವರು ಫೀಡ್‌ಬ್ಯಾಕ್ ಹಾದಿಯನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲದೆ, ಮೈಕ್ರೋ ಆಂಪ್‌ನ ಔಟ್‌ಪುಟ್‌ನಲ್ಲಿರುವ ಸರಣಿ ರೆಸಿಸ್ಟರ್ 470 ಓಮ್ ಮಾತ್ರ. ಅದರ ಮುಂದೆ ಡಯೋಡ್‌ಗಳನ್ನು ಗ್ರೌಂಡ್‌ಗೆ ಕಟ್ಟಿದರೆ, ಕಡಿಮೆ ವಿದ್ಯುತ್ತಿನಲ್ಲಿ ನಡೆಯಲೆಂದು ರೂಪಿಸಿದ ಟಿಎಲ್061ರ ಮೇಲೆ ಅನಾವಶ್ಯಕ ಹೊರೆ ಬೀಳುತ್ತದೆ.

ಡಯೋಡ್‌ಗಳ ಆಯ್ಕೆ

1ಎನ್4148 ಅಥವಾ 1ಎನ್914 ಸಿಲಿಕಾನ್ ಡಯೋಡ್‌ಗಳು ಎಲ್ಲೆಡೆ ಸಿಗುತ್ತವೆ, ಮೊದಲ ಪ್ರಯತ್ನಕ್ಕೆ ಅವೇ ಸಾಕು. ಕೆಂಪು ಎಲ್‌ಇಡಿಗಳು ಸುಮಾರು 1.7 ವೋಲ್ಟ್‌ನಲ್ಲಿ ತೆರೆಯುವುದರಿಂದ ಗೇನ್ ಪೂರ್ತಿಯಿದ್ದಾಗ ಗಿಟಾರ್‌ನಿಂದ 80 ಮಿಲಿವೋಲ್ಟ್‌ಗೂ ಹೆಚ್ಚು ಬೇಕಾಗುತ್ತದೆ. ಫಲವಾಗಿ ಶಬ್ದ ದೊಡ್ಡದು, ಕ್ಲಿಪಿಂಗ್ ಕಡಿಮೆ, ಮೀಟಿನ ಏರಿಳಿತ ಹೆಚ್ಚು ಉಳಿಯುತ್ತದೆ. ಫೀಡ್‌ಬ್ಯಾಕ್ ಹಾದಿಯಲ್ಲಿ ಹರಿಯುವುದು ಕೆಲವು ಹತ್ತು ಮೈಕ್ರೋಆಂಪಿಯರ್ ಮಾತ್ರವಾದ್ದರಿಂದ ಅವು ಕಣ್ಣಿಗೆ ಕಾಣುವಂತೆ ಬೆಳಗುತ್ತವೆಂದು ನಿರೀಕ್ಷಿಸಬಾರದು. ಜರ್ಮೇನಿಯಂ ಡಯೋಡ್‌ಗಳು 0.3 ವೋಲ್ಟ್‌ನ ಆಸುಪಾಸಿನಲ್ಲೇ ತೆರೆಯುತ್ತವೆ. ಹಳೆಯ ರೇಡಿಯೊಗಳ ಡಿಟೆಕ್ಟರ್ ಭಾಗದಲ್ಲಿರುತ್ತಿದ್ದ ಓಎ79 ಇಂಥದ್ದು, ಮನೆಯಲ್ಲಿ ಕೆಟ್ಟ ರೇಡಿಯೊ ಇದ್ದರೆ ಹುಡುಕಿ ನೋಡಬಹುದು. ಇವುಗಳ ಶಬ್ದ ಚಿಕ್ಕದು, ಕ್ಲಿಪಿಂಗ್ ಬೇಗ ಶುರು. ಜರ್ಮೇನಿಯಂ ಎಂದೊಡನೆ ನಾದ ತಾನಾಗಿ ಇಂಪಾಗುತ್ತದೆಂಬ ನಂಬಿಕೆ ಗಿಟಾರ್ ವಲಯದಲ್ಲಿ ಗಟ್ಟಿಯಾಗಿದೆ. ಶಬ್ದಮಟ್ಟವನ್ನು ಸರಿಸಮ ಮಾಡಿ ಕೇಳಿದರೆ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ.

ಒಂದು ದಿಕ್ಕಿನಲ್ಲಿ ಎರಡು ಡಯೋಡ್ ಸರಣಿಯಾಗಿ, ಇನ್ನೊಂದು ದಿಕ್ಕಿನಲ್ಲಿ ಒಂದೇ ಡಯೋಡ್ ಇಟ್ಟರೆ ತರಂಗದ ಎರಡು ಬದಿಗಳು ಬೇರೆ ಬೇರೆ ಎತ್ತರದಲ್ಲಿ ಬಾಗುತ್ತವೆ, ಸಮಸಂಖ್ಯೆಯ ಹಾರ್ಮೋನಿಕ್‌ಗಳು (ಮೂಲಸ್ವರದ ಎರಡು, ನಾಲ್ಕು ಪಟ್ಟಿನಂಥ ಮೇಲಿನ ಸ್ವರಗಳು) ಸೇರುತ್ತವೆ. 1977ರಲ್ಲಿ ಬಂದ ಬಾಸ್ ಓಡಿ-1ರಲ್ಲಿ ಈ ಅಸಮ ಕ್ಲಿಪಿಂಗ್ ಇತ್ತು. ಕೆಳಗಿನ ಯೋಜನೆಯಲ್ಲಿ ಮೂರು ಸ್ಥಾನಗಳ ಒಂದು ಸ್ವಿಚ್ ಬಳಸುತ್ತೇವೆ: ಒಂದು ಕೊನೆಯಲ್ಲಿ ಮೂರು ಸಿಲಿಕಾನ್ ಡಯೋಡ್‌ಗಳ ಅಸಮ ಜೋಡಣೆ, ಇನ್ನೊಂದು ಕೊನೆಯಲ್ಲಿ ಎರಡು ಎಲ್‌ಇಡಿ, ನಡುವೆ ಯಾವುದೂ ಇಲ್ಲದ ಮೂಲ ಬೂಸ್ಟರ್.

ಸಾಮಗ್ರಿ

ಮೂರು 1ಎನ್4148, ಎರಡು 3 ಮಿಲಿಮೀಟರ್‌ನ ಕೆಂಪು ಎಲ್‌ಇಡಿ, ನಡುವೆ ನಿಲ್ಲುವ ಆನ್–ಆಫ್–ಆನ್ ಬಗೆಯ ಒಂದು ಸಣ್ಣ ಟಾಗಲ್ ಸ್ವಿಚ್, ಎರಡು ಸ್ಥಾನಗಳ ಇನ್ನೊಂದು ಟಾಗಲ್, 50 ಕಿಲೋಓಮ್ ಲಾಗ್ ಪಾಟ್, 0.1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, 0.022 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, 1 ಕಿಲೋಓಮ್ ಮತ್ತು 1 ಮೆಗಾಓಮ್ ರೆಸಿಸ್ಟರ್ ಒಂದೊಂದು, ತೆಳು ತಂತಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇಂಥ ಸಾಮಾನುಗಳು ಸಿಗುತ್ತವೆ. ಟಾಗಲ್ ಕೊಳ್ಳುವಾಗ ನಡುವೆ ನಿಲ್ಲುತ್ತದೆಯೇ ಎಂದು ಕೈಯಲ್ಲಿ ತಿರುಗಿಸಿ ನೋಡಿಯೇ ತರಬೇಕು, ಏಕೆಂದರೆ ಹೊರಗಿನಿಂದ ನೋಡಿದರೆ ಎಲ್ಲ ಟಾಗಲ್‌ಗಳೂ ಒಂದೇ ತರಹ ಕಾಣುತ್ತವೆ. ಉಪಕರಣಗಳಾಗಿ 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಸೋಲ್ಡರ್ ತಂತಿ, ಕರಗಿದ ಸೋಲ್ಡರ್ ಹೀರುವ ಪಂಪ್, ಮಲ್ಟಿಮೀಟರ್, ಡ್ರಿಲ್ ಇದ್ದರಾಯಿತು.

ಹಂತ 1: ಇರುವ ಸ್ಥಿತಿಯನ್ನು ದಾಖಲಿಸುವುದು

ಪೆಡಲ್‌ನ ತಳದ ತಿರುಪು ಬಿಚ್ಚಿ, ಬೋರ್ಡ್‌ನ ಎರಡೂ ಬದಿಗಳ ಮತ್ತು ಪ್ರತಿ ತಂತಿ ಎಲ್ಲಿಗೆ ಹೋಗಿದೆ ಎಂಬುದರ ಸ್ಪಷ್ಟ ಚಿತ್ರ ತೆಗೆದುಕೊಳ್ಳಿ. ನಂತರ 9 ವೋಲ್ಟ್ ಕೊಟ್ಟು ಆಪ್‌ಆಂಪ್‌ನ ಕಾಲುಗಳ ವೋಲ್ಟೇಜ್ ಬರೆದಿಡಿ. 7ರಲ್ಲಿ 9 ವೋಲ್ಟ್‌ಗೆ ಹತ್ತಿರ, 4ರಲ್ಲಿ ಸೊನ್ನೆ, 6ರಲ್ಲಿ ಸುಮಾರು 4.5 ಇರಬೇಕು. 3ನೇ ಕಾಲಿನಲ್ಲಿ 2 ವೋಲ್ಟ್ ಚಿಲ್ಲರೆ ಮಾತ್ರ ತೋರಿಸಿದರೆ ಗಾಬರಿಯಾಗಬೇಕಿಲ್ಲ. ಆ ಕಾಲಿಗೆ 4.5 ವೋಲ್ಟ್ ಬರುವುದು 10 ಮೆಗಾಓಮ್‌ನ ರೆಸಿಸ್ಟರ್ ಮೂಲಕ. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್‌ನ ಒಳರೋಧವೂ 10 ಮೆಗಾಓಮ್‌ನಷ್ಟೇ ಆದ್ದರಿಂದ ಮೀಟರ್ ತಾನೇ ವೋಲ್ಟೇಜನ್ನು ಅರ್ಧಕ್ಕೆ ಇಳಿಸುತ್ತದೆ. ಸರಿಯಿರುವ ಪೆಡಲನ್ನು ಕೆಟ್ಟಿದೆಯೆಂದು ಬಗೆದು ಆಪ್‌ಆಂಪ್ ಕಿತ್ತುಹಾಕುವವರು ಎಡವುವುದು ಇಲ್ಲಿಯೇ. ಅಳೆಯಬೇಕಾದದ್ದು 6ನೇ ಕಾಲನ್ನು.

ಹಂತ 2: ಎರಡು ಬಿಂದುಗಳನ್ನು ಗುರುತಿಸಿ ತಾತ್ಕಾಲಿಕ ಪರೀಕ್ಷೆ

ವಿದ್ಯುತ್ ತೆಗೆದು, ಮಲ್ಟಿಮೀಟರನ್ನು ಬೀಪ್ ಕೊಡುವ ಕ್ರಮದಲ್ಲಿಟ್ಟು, 2 ಮತ್ತು 6ನೇ ಕಾಲುಗಳು ಯಾವ ರೆಸಿಸ್ಟರ್‌ನ ಎರಡು ತುದಿಗಳಿಗೆ ನೇರ ಸೇರಿವೆ ಎಂದು ನೋಡಿ. ಐದು ಪ್ರತಿಶತದ ರೆಸಿಸ್ಟರ್ ಆಗಿದ್ದರೆ ಅದರ ಪಟ್ಟಿಗಳು ಹಸಿರು, ನೀಲಿ, ಕಿತ್ತಳೆ ಇರುತ್ತವೆ. ಕಿಟ್ ತಯಾರಕರು ಬಿಡಿಭಾಗಗಳ ಮೌಲ್ಯಗಳನ್ನು ಅಲ್ಪಸ್ವಲ್ಪ ಬದಲಿಸಿರುವುದುಂಟು; 56ರ ಬದಲು 47 ಅಥವಾ 68 ಕಿಲೋಓಮ್ ಕಂಡರೂ ಕೆಲಸ ಒಂದೇ.

ಪೆಟ್ಟಿಗೆಗೆ ತೂತು ಕೊರೆಯುವ ಮೊದಲು ಈ ಎರಡು ಬಿಂದುಗಳಿಗೆ ಚಿಕ್ಕ ತಂತಿಗಳನ್ನು ಲಘುವಾಗಿ ಬೆಸೆದು, ಹೊರಗೆ ಡಯೋಡ್‌ಗಳನ್ನು ಕ್ಲಿಪ್‌ಗಳಿಂದ ಹಿಡಿಸಿ ನುಡಿಸಿ ಕೇಳಬೇಕು. ಡಯೋಡ್‌ನ ಕಪ್ಪು ಪಟ್ಟಿಯಿರುವ ತುದಿ ಕ್ಯಾಥೋಡ್ (ಋಣ ತುದಿ). ಎಲ್‌ಇಡಿಯಲ್ಲಿ ಉದ್ದ ಕಾಲು ಆನೋಡ್ (ಧನ ತುದಿ). ಒಂದರ ಪಟ್ಟಿ 2ನೇ ಕಾಲಿನ ಕಡೆಗಿದ್ದರೆ ಇನ್ನೊಂದರದು 6ನೇ ಕಾಲಿನ ಕಡೆಗಿರಬೇಕು. ಈ ಹಂತದಲ್ಲಿ ಕೇಳಿಸುವ ನಾದ ದಪ್ಪ ತಂತಿಗಳಲ್ಲಿ ಮಂಕಾಗಿರುತ್ತದೆ, ಅದು ಸಹಜ. ಕಾರಣ ಮುಂದಿನ ಹಂತದಲ್ಲಿದೆ.

ಹಂತ 3: ತಗ್ಗುಸ್ವರದ ನಿಯಂತ್ರಣ

ಮಾರ್ಪಾಡಿನ ತಿರುಳು ಇಲ್ಲಿದೆ. ಮೂಲ ಸರ್ಕ್ಯೂಟ್‌ನ 4.7 ಮೈಕ್ರೋಫ್ಯಾರಡ್ ಮತ್ತು 2.7 ಕಿಲೋಓಮ್ ಸೇರಿ ಸುಮಾರು 12 ಹರ್ಟ್ಸ್‌ನಿಂದ ಮೇಲಿನ ಎಲ್ಲ ಸ್ವರಗಳಿಗೂ ಸಮಾನ ವರ್ಧನೆ ಕೊಡುತ್ತವೆ. ಬೂಸ್ಟರ್‌ಗೆ ಇದು ಒಳ್ಳೆಯ ಗುಣ. ಓವರ್‌ಡ್ರೈವ್‌ಗೆ ಕೆಟ್ಟ ಗುಣ, ಏಕೆಂದರೆ ಗಿಟಾರ್‌ನ ತಗ್ಗುಸ್ವರಗಳ ಶಕ್ತಿ ಹೆಚ್ಚು. ಅವು ಡಯೋಡ್‌ಗಳನ್ನು ಮೊದಲು ತುಂಬಿಬಿಡುತ್ತವೆ ಮತ್ತು ಮೇಲಿನ ಸ್ವರಗಳು ಅವುಗಳ ಹಿಂದೆ ಸಿಕ್ಕು ನಲುಗುತ್ತವೆ. ಟ್ಯೂಬ್ ಸ್ಕ್ರೀಮರ್‌ನಲ್ಲಿ ಇದೇ ಜಾಗದಲ್ಲಿ 4.7 ಕಿಲೋಓಮ್ ಮತ್ತು 0.047 ಮೈಕ್ರೋಫ್ಯಾರಡ್ ಇದ್ದು, ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ವರ್ಧನೆ ಕ್ರಮೇಣ ಇಳಿಯುತ್ತದೆ. ಆ ಪೆಡಲ್‌ನ ಹೆಸರುವಾಸಿ ಮಧ್ಯಸ್ವರದ ಉಬ್ಬಿಗೆ ಇದೊಂದು ಮುಖ್ಯ ಕಾರಣ.

ನಮ್ಮ 2.7 ಕಿಲೋಓಮ್‌ಗೆ 0.1 ಮೈಕ್ರೋಫ್ಯಾರಡ್ ಹಾಕಿದರೆ ವರ್ಧನೆ ಇಳಿಯತೊಡಗುವ ಆ ತಿರುವು ಸುಮಾರು 590 ಹರ್ಟ್ಸ್‌ಗೆ ಬರುತ್ತದೆ. ಆಗ ದಪ್ಪ ಇ ತಂತಿಯ 82 ಹರ್ಟ್ಸ್‌ನ ಮೂಲಸ್ವರಕ್ಕೆ ಸಿಗುವುದು ಮೂರು ಪಟ್ಟು ವರ್ಧನೆ ಮಾತ್ರ. ಅದು ಬಹುತೇಕ ತಿಳಿಯಾಗಿಯೇ ದಾಟಿಹೋಗಿ, ಮೇಲಿನ ಸ್ವರಗಳಷ್ಟೇ ಚೆನ್ನಾಗಿ ಕ್ಲಿಪ್ ಆಗುತ್ತವೆ. ಇದು ತೀರ ತೆಳುವೆನಿಸಿದರೆ 0.22 ಮೈಕ್ರೋಫ್ಯಾರಡ್ ಹಾಕಬಹುದು, ತಿರುವು 270 ಹರ್ಟ್ಸ್‌ನ ಹತ್ತಿರ ಬರುತ್ತದೆ. ತೆಳುನಾದದ ಸಿಂಗಲ್ ಕಾಯಿಲ್ ಪಿಕಪ್‌ಗೆ ಎರಡನೆಯದು, ದಪ್ಪನಾದದ ಹಂಬಕರ್‌ಗೆ ಮೊದಲನೆಯದು ಹೊಂದುತ್ತದೆ.

ಆದರೆ ಕೆಪಾಸಿಟರನ್ನು ಬದಲಿಸಿಬಿಟ್ಟರೆ ಮೂಲ ಬೂಸ್ಟರ್‌ನ ತುಂಬುನಾದ ಕಳೆದುಹೋಗುತ್ತದೆ. ಎರಡನೆಯ ಟಾಗಲ್ ಬೇಕಾಗುವುದು ಇದಕ್ಕೇ. ಮೂಲ 4.7 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಅದರ ಧನ ತುದಿ ಯಾವ ರಂಧ್ರದಲ್ಲಿತ್ತೆಂದು ಗುರುತಿಸಿಟ್ಟು ಬಿಚ್ಚಿ. ಅದೇ ಎರಡು ರಂಧ್ರಗಳಿಗೆ 0.1ರ ಫಿಲ್ಮ್ ಕೆಪಾಸಿಟರ್ ಹಾಕಿ. ಬಿಚ್ಚಿದ ಕೆಪಾಸಿಟರ್‌ನ ಧನ ತುದಿಯನ್ನು ಬೋರ್ಡ್‌ನ ಧನ ರಂಧ್ರಕ್ಕೆ, ಋಣ ತುದಿಯನ್ನು ಟಾಗಲ್‌ನ ಒಂದು ಕಾಲಿಗೆ, ಟಾಗಲ್‌ನ ಇನ್ನೊಂದು ಕಾಲನ್ನು ಬೋರ್ಡ್‌ನ ಋಣ ರಂಧ್ರಕ್ಕೆ ಸೇರಿಸಿ. ಸ್ವಿಚ್ ಹಾಕಿದಾಗ ಎರಡು ಕೆಪಾಸಿಟರ್‌ಗಳೂ ಸಮಾನಾಂತರವಾಗಿ ನಿಂತು ಮೂಲ ನಾದ ಮರಳುತ್ತದೆ. ಟಾಗಲ್‌ನ ಆ ಎರಡು ಕಾಲುಗಳ ನಡುವೆ 1 ಮೆಗಾಓಮ್ ರೆಸಿಸ್ಟರನ್ನು ತಪ್ಪದೆ ಬೆಸೆಯಬೇಕು. ಅದಿಲ್ಲದಿದ್ದರೆ ಬರಿದಾದ ಕೆಪಾಸಿಟರ್ 4.5 ವೋಲ್ಟ್‌ಗೆ ಥಟ್ಟನೆ ತುಂಬಿಕೊಳ್ಳುವಾಗ ಸ್ಪೀಕರ್‌ನಲ್ಲಿ ದೊಪ್ಪೆಂಬ ಸದ್ದು ಬರುತ್ತದೆ. ರೆಸಿಸ್ಟರ್ ಇದ್ದರೆ ಕೆಪಾಸಿಟರ್ ಯಾವಾಗಲೂ ತುಂಬಿಯೇ ಇರುತ್ತದೆ.

ಹಂತ 4: ವಾಲ್ಯೂಮ್ ಮತ್ತು ತೀಕ್ಷ್ಣತೆ

ಒಂದೇ ನಾಬಿನ ಬೂಸ್ಟರ್‌ನಲ್ಲಿ ಗೇನ್ ಏರಿಸಿದರೆ ಶಬ್ದವೂ ಏರುತ್ತದೆ. ಡಯೋಡ್ ಇದ್ದಾಗಲೂ ಔಟ್‌ಪುಟ್‌ನ ಶಿಖರ 0.6 ವೋಲ್ಟ್‌ಗಿಂತ ಹೆಚ್ಚೇ ಇರುವುದರಿಂದ, ಗಿಟಾರ್‌ನ ಸಹಜ ಮಟ್ಟಕ್ಕೆ ಹೋಲಿಸಿದರೆ ಅದು ಹಲವು ಪಟ್ಟು ದೊಡ್ಡದು. ಆದ್ದರಿಂದ ಬೋರ್ಡ್‌ನ ಔಟ್‌ಪುಟ್‌ನಿಂದ ಕಾಲ್ತುಳಿ ಸ್ವಿಚ್‌ಗೆ ಹೋಗುವ ತಂತಿಯನ್ನು ಬಿಡಿಸಿ, ನಡುವೆ 50 ಕಿಲೋಓಮ್‌ನ ಪಾಟ್ ಸೇರಿಸಬೇಕು. ಪಾಟ್‌ನ ಅಕ್ಷ ನಿಮ್ಮ ಕಡೆಗೆ, ಕಾಲುಗಳು ಕೆಳಮುಖವಾಗಿ ಇರುವಂತೆ ಹಿಡಿದರೆ ಎಡಗಡೆಯ ಕಾಲು ಗ್ರೌಂಡ್‌ಗೆ, ನಡುವಿನದು ಕಾಲ್ತುಳಿ ಸ್ವಿಚ್‌ಗೆ, ಬಲಗಡೆಯದು ಬೋರ್ಡ್‌ನ ಔಟ್‌ಪುಟ್‌ಗೆ. ಬೋರ್ಡ್ ಮತ್ತು ಬಲಗಾಲಿನ ನಡುವೆ 1 ಕಿಲೋಓಮ್ ರೆಸಿಸ್ಟರ್ ಇಟ್ಟು, ಬಲಗಾಲಿನಿಂದ ಎಡಗಾಲಿಗೆ 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸೆದರೆ, ಒಳಗಿನ 470 ಓಮ್ ಸೇರಿ ಸುಮಾರು 5 ಕಿಲೋಹರ್ಟ್ಸ್‌ನ ಮೇಲಿನ ಸ್ವರಗಳು ತಗ್ಗುತ್ತವೆ. ಕ್ಲಿಪಿಂಗ್ ಹುಟ್ಟಿಸುವ ಕರ್ಕಶ ಅಂಚು ಇದರಿಂದ ಕಡಿಮೆಯಾಗುತ್ತದೆ. ಬೂಸ್ಟರ್ ಸ್ಥಾನದಲ್ಲೂ ಇದರ ಪರಿಣಾಮ ಇರುತ್ತದೆ. ಅದು ಬೇಡವೆನ್ನುವವರು ಈ ಕೆಪಾಸಿಟರ್ ಬಿಟ್ಟುಬಿಡಬಹುದು.

ಹಂತ 5: ಕೊರೆಯುವುದು, ಬೆಸೆಯುವುದು

ಕೊರೆಯುವಾಗ ಬೋರ್ಡ್ ಪೆಟ್ಟಿಗೆಯ ಹೊರಗಿರಲಿ, ಅಲ್ಯೂಮಿನಿಯಂ ಚೂರೊಂದು ಕಾಲುಗಳ ನಡುವೆ ಸಿಕ್ಕಿದರೆ ದೋಷ ಹುಡುಕುವುದು ಕಷ್ಟ. ಸ್ವಿಚ್‌ಗಳ ಮತ್ತು ಪಾಟ್‌ನ ಆಳ, ಬ್ಯಾಟರಿಯ ಜಾಗ, ಜ್ಯಾಕ್‌ಗೆ ಪ್ಲಗ್ ತೂರಿದಾಗ ಒಳಗೆ ಚಾಚುವ ಉದ್ದ ಇವನ್ನೆಲ್ಲ ಮುಚ್ಚಳ ಹಾಕಿದ ಸ್ಥಿತಿಯಲ್ಲಿ ಊಹಿಸಿಕೊಂಡು ಗುರುತು ಹಾಕಬೇಕು. ಮೈಕ್ರೋ ಆಂಪ್ ಗಾತ್ರದ ಪೆಟ್ಟಿಗೆಯಲ್ಲಿ ಬ್ಯಾಟರಿಗೆ ಜಾಗ ಉಳಿಯದಿರುವ ಸಂಭವವೇ ಹೆಚ್ಚು. ಅಡಾಪ್ಟರ್‌ನಲ್ಲೇ ನುಡಿಸುವುದಾದರೆ ಚಿಂತೆಯಿಲ್ಲ.

ಡಯೋಡ್‌ಗಳನ್ನು ಸ್ವಿಚ್‌ನ ಮೇಲೆ ಬೆಸೆಯುವ ರೂಢಿ ಇದೆ, ಆದರೆ ಅವನ್ನು ಬೋರ್ಡ್‌ನ ಬಳಿಯೇ ಇಡುವುದು ಮೇಲು. 2ನೇ ಕಾಲು ಹೊರಗಿನ ಗದ್ದಲವನ್ನು ಸುಲಭವಾಗಿ ಹಿಡಿಯುತ್ತದೆ, 6ನೇ ಕಾಲು ಅಷ್ಟು ಹಿಡಿಯುವುದಿಲ್ಲ. ಆದ್ದರಿಂದ ಎರಡೂ ಡಯೋಡ್ ಗುಂಪುಗಳ ಒಂದೊಂದು ತುದಿಯನ್ನು ರೆಸಿಸ್ಟರ್‌ನ 2ನೇ ಕಾಲಿನ ಬದಿಗೆ ನೇರವಾಗಿ ಬೆಸೆದು, ಉಳಿದ ತುದಿಗಳಿಂದ ಆನ್–ಆಫ್–ಆನ್ ಟಾಗಲ್‌ನ ಎರಡು ಹೊರಕಾಲುಗಳಿಗೆ ತಂತಿ ಎಳೆಯಿರಿ. ಟಾಗಲ್‌ನ ನಡುಗಾಲನ್ನು 6ನೇ ಕಾಲಿನ ಬದಿಗೆ ಸೇರಿಸಿ. ಟಾಗಲ್‌ನ ಸನ್ನೆಯನ್ನು ಒಂದು ಕಡೆಗೆ ವಾಲಿಸಿದರೆ ನಡುಗಾಲು ಸೇರುವುದು ಎದುರು ಬದಿಯ ಕಾಲಿಗೆ. ಹೊರಗೆ ಗುರುತು ಬರೆಯುವಾಗ ಇದು ನೆನಪಿರಲಿ. ಜರ್ಮೇನಿಯಂ ಡಯೋಡ್ ಬಳಸುವುದಾದರೆ ಬೆಸೆಯುವ ಜಾಗ ಮತ್ತು ಡಯೋಡ್‌ನ ಮೈ ನಡುವೆ ಚಿಮಟದಿಂದ ಕಾಲನ್ನು ಹಿಡಿದಿರಬೇಕು, ಇಲ್ಲವಾದರೆ ಶಾಖಕ್ಕೆ ಅದು ಕೆಡಬಹುದು. ಹೊಸ ಬೆಸುಗೆಗಳು ಪೆಟ್ಟಿಗೆಯ ಲೋಹಕ್ಕೆ ತಾಗದಂತೆ ಸ್ಲೀವ್ ತೊಡಿಸಿ.

ಪರೀಕ್ಷೆ ಮತ್ತು ದೋಷಗಳು

ಅಡಾಪ್ಟರ್ 9 ವೋಲ್ಟ್‌ನದಾಗಿದ್ದು ಪ್ಲಗ್‌ನ ಒಳಭಾಗ ಋಣವಾಗಿರಬೇಕು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಸಿಸಿಟಿವಿ ಕ್ಯಾಮೆರಾ ಅಡಾಪ್ಟರ್‌ಗಳು 12 ವೋಲ್ಟ್‌ನವು, ಒಳಭಾಗ ಧನವಾಗಿರುವವು. ಪ್ಲಗ್ ಕೂರುತ್ತದೆಂದ ಮಾತ್ರಕ್ಕೆ ಅವನ್ನು ಚುಚ್ಚಬಾರದು. ಮೊದಲು ಟಾಗಲನ್ನು ನಡುವೆ ಇಟ್ಟು, 4.7 ಮೈಕ್ರೋಫ್ಯಾರಡ್ ಸೇರುವಂತೆ ಮಾಡಿ, ಪೆಡಲ್ ಹಿಂದಿನಂತೆಯೇ ಬೂಸ್ಟರ್ ಆಗಿ ನುಡಿಯುತ್ತದೆಯೇ ನೋಡಿ. ಇಲ್ಲೇ ತೊಂದರೆಯಿದ್ದರೆ ಡಯೋಡ್‌ಗಳನ್ನು ದೂಷಿಸದೆ ವಾಲ್ಯೂಮ್ ಪಾಟ್‌ನ ತಂತಿಗಳನ್ನು ಪರಿಶೀಲಿಸಬೇಕು. ನಾಬ್ ಉಲ್ಟಾ ಕೆಲಸ ಮಾಡಿದರೆ ಎಡ–ಬಲ ಕಾಲುಗಳು ಅದಲುಬದಲಾಗಿವೆ. ಒಂದು ಕ್ಲಿಪಿಂಗ್ ಸ್ಥಾನದಲ್ಲಿ ವರ್ಧನೆಯೇ ಇಲ್ಲದೆ ಗಿಟಾರ್‌ನ ಸಹಜ ಶಬ್ದವಷ್ಟೇ ಬಂದರೆ ಆ ಗುಂಪು ಶಾರ್ಟ್ ಆಗಿ 2 ಮತ್ತು 6ನೇ ಕಾಲುಗಳು ನೇರ ಕೂಡಿವೆ ಎಂದರ್ಥ. ಕ್ಲಿಪಿಂಗ್ ಅತಿ ಕಡಿಮೆಯಾಗಿ, ಶಬ್ದ ವಿಪರೀತ ದೊಡ್ಡದಾಗಿದ್ದರೆ ಆ ಗುಂಪಿನ ಡಯೋಡ್‌ಗಳು ಒಂದೇ ದಿಕ್ಕಿಗೆ ಮುಖ ಮಾಡಿರಬಹುದು. ಗೇನ್ ಏರಿಸಿದಾಗ ಶಿಳ್ಳೆ ಕೇಳಿದರೆ ಇನ್‌ಪುಟ್ ತಂತಿ ಔಟ್‌ಪುಟ್ ತಂತಿಯ ಪಕ್ಕದಲ್ಲಿ ಸಾಗುತ್ತಿರುತ್ತದೆ. ಇನ್‌ಪುಟ್‌ಗೆ ಶೀಲ್ಡ್ ತಂತಿ ಬಳಸಿ ಎರಡನ್ನೂ ದೂರ ಮಾಡಿ.

ಎಲ್ಲವೂ ಸರಿಯಿದ್ದು ಕ್ಲಿಪಿಂಗ್ ಇನ್ನೂ ಗಾಢವಾಗಬೇಕೆನಿಸಿದರೆ 56 ಕಿಲೋಓಮನ್ನು 120ಕ್ಕೆ ಏರಿಸಬಹುದು. ಆಗ ವರ್ಧನೆ ಸುಮಾರು 45 ಪಟ್ಟಾಗುತ್ತದೆ. 220 ಕಿಲೋಓಮ್ ಹಾಕಿದರೆ 82 ಪಟ್ಟು. ಟ್ಯೂಬ್ ಸ್ಕ್ರೀಮರ್ ತನ್ನ ಡ್ರೈವ್ ನಾಬನ್ನು ಪೂರ್ತಿ ಏರಿಸಿದಾಗ ಕೊಡುವುದು ಸುಮಾರು 118 ಪಟ್ಟು. 220ರ ನಂತರ ಮಧ್ಯದ ಬೂಸ್ಟರ್ ಸ್ಥಾನದಲ್ಲಿ ಗೇನ್ ಪೂರ್ತಿ ಏರಿಸಿದರೆ ಆಪ್‌ಆಂಪ್ ತಾನೇ 9 ವೋಲ್ಟ್‌ನ ಮಿತಿಗೆ ಬಡಿದು ಒಡಕು ಸದ್ದು ಕೊಡುತ್ತದೆ, ಆದ್ದರಿಂದ ಬೂಸ್ಟರನ್ನೂ ಉಳಿಸಿಕೊಳ್ಳಬೇಕೆನ್ನುವವರು 120ರಲ್ಲೇ ನಿಲ್ಲಿಸುವುದು ಒಳ್ಳೆಯದು.